ಸಂಬಂಧಿಕರಲ್ಲದ ಇಬ್ಬರು

ಹಿನಕಲ್‌ನ ನಿಶಾಂತನ ಜೆರಾಕ್ಸ್ ಅಂಗಡಿಯಲ್ಲಿ ಯಾರೇ ರೆಸ್ಯೂಮ್ ಮಾಡಿಸಲಿ, ಅವರ ಹವ್ಯಾಸ ಕ್ರಿಕೆಟ್ ಆಡುವುದೇ ಆಗಿರುತ್ತಿತ್ತು. ಮೂರು ವರ್ಷದ ಹಿಂದೆ ಯಾರಿಗೋ ಮಾಡಿಕೊಟ್ಟ ಫೈಲೊಂದು ಅವನ ಕಂಪ್ಯೂಟರಿನಲ್ಲಿತ್ತು. ಹೊಸಬರು ಬಂದರೆ ಅದನ್ನೇ ತೆರೆದು ಹೆಸರು, ತಂದೆಯ ಹೆಸರು, ಅಂಕ, ಫೋನ್ ನಂಬರ್ ಬದಲಾಯಿಸಿ ಪ್ರಿಂಟ್ ತೆಗೆದು ಕೊಡುತ್ತಿದ್ದ. ಬಿಂದುಶ್ರೀ ಅವನ ಚಿಕ್ಕಪ್ಪನ ಮಗಳು. ಬಿ.ಕಾಂ. ಮುಗಿಸಿ ಹತ್ತು ತಿಂಗಳಾಗಿತ್ತು. ಅವಳಿಗೂ ಅದೇ ಫೈಲು ತೆರೆದ.

"ನಂಗೆ ಕ್ರಿಕೆಟ್ ಆಡಕ್ಕೆ ಬರಲ್ಲ ಕಣಣ್ಣ," ಎಂದಳು ಬಿಂದುಶ್ರೀ, ಪರದೆ ನೋಡುತ್ತ.

"ಅದ್ನೆಲ್ಲ ಯಾರು ನೋಡ್ತಾರೆ ಬುಡು. ಅನುಭವ ಅಂತ ಇದೆ ಇಲ್ಲಿ. ಏನ್ ಹಾಕ್ಲಿ?"

ಅವಳು ಪರದೆಯಿಂದ ಕಣ್ಣು ತೆಗೆದು, "ಏನೂ ಇಲ್ಲ ಅಂತ ಹಾಕು," ಎಂದಳು.

ಹೆಬ್ಬಾಳದ ಕಡೆ ಫ್ರಿಜ್ಜು, ವಾಷಿಂಗ್ ಮೆಷಿನ್ನು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಆಫೀಸ್ ಸಹಾಯಕರು ಬೇಕಾಗಿದ್ದಾರೆಂದು ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅನುಭವ ಕಡ್ಡಾಯವಲ್ಲ, ಕಂಪ್ಯೂಟರ್ ಗೊತ್ತಿರಬೇಕು, ಫೋನಿನಲ್ಲಿ ಚೆನ್ನಾಗಿ ಮಾತಾಡಬೇಕು. ಕೊನೆಯಲ್ಲಿ ಇನ್ನೊಂದು ಸಾಲು: ನಿಮ್ಮನ್ನು ಬಲ್ಲ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಕೊಡಿ, ಸಂಬಂಧಿಕರಾಗಿರಬಾರದು.

ಆ ಕೊನೆಯ ಸಾಲಿಗೆ ಬಂದಾಗ ನಿಶಾಂತ ಕೈ ನಿಲ್ಲಿಸಿದ. "ನನ್ನೆಸ್ರು ಹಾಕ್ಕೊಳವ್ವ ಅನ್ನನ ಅಂದ್ರೆ ನಾನು ಅಣ್ಣ ಆಗ್ಬುಟ್ಟೆ. ಇನ್ಯಾರವ್ರೆ?"

"ಅಮ್ಮನ್ನ ಕೇಳ್ಕ ಬತ್ತೀನಿ," ಎಂದು ಬಿಂದುಶ್ರೀ ಪ್ರಿಂಟು ತೆಗೆದುಕೊಂಡು ಮನೆಗೆ ಬಂದಳು.

ಅವಳ ತಾಯಿ ಸುಮಿತ್ರಮ್ಮ ಹುರುಳಿಕಾಳು ಆರಿಸುತ್ತ ಕೂತಿದ್ದರು. ಮಗಳು ಕೇಳಿದ ಕೂಡಲೇ ಡೈರಿ ಸೆಕ್ರೆಟರಿಯ ಹೆಸರು ಹೇಳಿದರು.

"ಅವ್ರು ನಂಗೆ ಮಾವ ಆಗ್ಬೇಕಲ್ಲಮ್ಮ."

"ದೂರದ್ ಮಾವ ಕಣೆ. ಆಯ್ತು, ಮೆಡಿಕಲ್ ಸ್ಟೋರಿನೋರು?"

"ಅವ್ರ ಮಗನಿಗೆ ನಮ್ಮ ಚಿಕ್ಕತ್ತೆ ಮಗಳನ್ನ ಕೊಟ್ಟಿಲ್ವ?"

ಸುಮಿತ್ರಮ್ಮ ಮೊರ ಕೆಳಗಿಟ್ಟು ಯೋಚಿಸಿದರು. ಮೊದಲು ಊರಾಗಿದ್ದು ಈಗ ನಗರದೊಳಗೆ ಸೇರಿಹೋದ ಆ ಬೀದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಮನೆಯನ್ನು ಲೆಕ್ಕ ಹಾಕಿದರೂ, ಹೆಣ್ಣು ಕೊಟ್ಟವರೋ ತಂದವರೋ ಅಲ್ಲದವರು ಸಿಗಲಿಲ್ಲ. ಬಾಡಿಗೆಗಿದ್ದವರು ಇಬ್ಬರು ಸಿಕ್ಕರು. ಅವರಿಗೆ ಬಿಂದುಶ್ರೀಯ ಹೆಸರೇ ಗೊತ್ತಿರಲಿಲ್ಲ.

"ಕಾಲೇಜಿನಲ್ಲಿ ಪಾಠ ಹೇಳ್ಕೊಟ್ಟೋರು ಯಾರೂ ಇಲ್ವ?" ಎಂದರು ಕೊನೆಗೆ.

ಮಾರನೆಯ ದಿನ ಅವಳು ಕಾಲೇಜಿಗೆ ಹೋದಳು. ಕಾಮರ್ಸ್ ವಿಭಾಗದ ಪ್ರಸಾದ್ ಸರ್ ಮೌಲ್ಯಮಾಪನಕ್ಕೆ ಹೊರಟು ನಿಂತಿದ್ದರು. ವಿಷಯ ಹೇಳಿದ ಕೂಡಲೇ, "ಧಾರಾಳವಾಗಿ ಹಾಕ್ಕೊಳಮ್ಮ, ಅದಕ್ಕೇನು," ಎಂದು ನಂಬರ್ ಕೊಟ್ಟರು. ಬೈಕ್ ಸ್ಟಾರ್ಟ್ ಮಾಡಿದವರು ತಿರುಗಿ, "ನಿನ್ನ ಹೆಸರೇನಂದೆ?" ಎಂದು ಕೇಳಿದರು.

ಇನ್ನೊಬ್ಬರು ಬೇಕಿತ್ತು. ಆ ಇನ್ನೊಬ್ಬರು ಯಾರೆಂದು ಬಿಂದುಶ್ರೀಗೆ ಮೊದಲಿನಿಂದಲೂ ಗೊತ್ತಿತ್ತು. ಅವರ ಹೆಸರು ನಾಲಿಗೆಗೆ ಬರದ ಹಾಗೆ ನೋಡಿಕೊಳ್ಳುತ್ತಿದ್ದಳು, ಅಷ್ಟೆ.

ಮೊದಲ ವರ್ಷದ ಬಿ.ಕಾಂ.ನಲ್ಲಿದ್ದಾಗ ಗೆಳತಿಯೊಬ್ಬಳು ಅವಳನ್ನು ಸಿದ್ಧಾರ್ಥನಗರದ ದಾಕ್ಷಾಯಣಮ್ಮನವರ ಮನೆಗೆ ಕರೆದುಕೊಂಡು ಹೋಗಿದ್ದಳು. ಅವರು ನಿವೃತ್ತ ಹೈಸ್ಕೂಲ್ ಟೀಚರ್. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಹಾಲಿನಲ್ಲಿ ಟ್ಯೂಷನ್ ನಡೆಸುತ್ತಿದ್ದರು. ಎಸ್ಸೆಸ್ಸೆಲ್ಸಿಯವರನ್ನು ತಾವೇ ನೋಡಿಕೊಂಡು, ಚಿಕ್ಕ ತರಗತಿಗಳ ಗಣಿತಕ್ಕೆ ಒಬ್ಬರನ್ನು ಹುಡುಕುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ಬಿಂದುಶ್ರೀ ಅಲ್ಲಿಗೆ ನಡೆದುಕೊಂಡು ಹೋಗಿ ಎರಡು ಗಂಟೆ ಪಾಠ ಮಾಡಿ, ಕತ್ತಲಾಗುವ ಹೊತ್ತಿಗೆ ಬಸ್ಸು ಹಿಡಿಯುತ್ತಿದ್ದಳು. ಒಂದೂವರೆ ವರ್ಷ ಹಾಗೆ ನಡೆಯಿತು. ಮಕ್ಕಳಿಗೆ ಅವಳು ಇಷ್ಟವಾಗಿದ್ದಳು. ಅವಳಿಗೂ ಆ ಎರಡು ಗಂಟೆ ಇಷ್ಟವಾಗಿತ್ತು.

ಎರಡನೆಯ ವರ್ಷದ ಫೆಬ್ರವರಿಯಲ್ಲಿ ಎಂಟನೆಯ ತರಗತಿಗೆ ತ್ರಾಪಿಜ್ಯದ ವಿಸ್ತೀರ್ಣ ಹೇಳಿಕೊಡುವಾಗ ಸೂತ್ರದಲ್ಲಿ ಅರ್ಧದಿಂದ ಗುಣಿಸುವುದನ್ನು ಮರೆತಳು. ಮಕ್ಕಳೆಲ್ಲ ಹಾಗೇ ಬರೆದುಕೊಂಡರು. ಶಾಲೆಯ ಕಿರುಪರೀಕ್ಷೆಯಲ್ಲಿ ಐದು ಜನರಿಗೂ ಆ ಲೆಕ್ಕ ತಪ್ಪಾಗಿ ಬಂತು. ಮರುದಿನ ದಾಕ್ಷಾಯಣಮ್ಮ ನೋಟ್‌ಬುಕ್ಕುಗಳನ್ನು ತರಿಸಿ ನೋಡಿದರು. ಎಲ್ಲ ಮಕ್ಕಳೂ ಚಾಪೆಯ ಮೇಲೆ ಕೂತಿರುವಾಗಲೇ, "ಮನೇಲಿ ಒಂದು ಸಲ ಓದ್ಕೊಂಡು ಬರೋಕಾಗದಿದ್ರೆ ಇಲ್ಲಿಗೆ ಯಾಕೆ ಬರ್ತೀಯ?" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಿಂದುಶ್ರೀ ಬ್ಯಾಗು ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ಆ ಸಂಜೆಯೂ ಮುಂದಿನ ದಿನಗಳಲ್ಲೂ ಟೀಚರ್ ಫೋನ್ ಮಾಡಿದರು. ಅವಳು ಎತ್ತಲಿಲ್ಲ. ಆಮೇಲೆ ಫೋನ್ ಬರುವುದು ನಿಂತಿತು. ಮನೆಯಲ್ಲಿ ಟ್ಯೂಷನ್ನೇ ನಿಂತುಹೋಯಿತೆಂದು ಹೇಳಿದ್ದಳು.

ಅರ್ಜಿ ಕಳಿಸಲು ಕೊನೆಯ ದಿನ ಬುಧವಾರ. ಭಾನುವಾರ ಬೆಳಿಗ್ಗೆ ಅವಳು ಸಿದ್ಧಾರ್ಥನಗರಕ್ಕೆ ಹೋದಳು. ಆ ಮನೆಯ ಗೇಟಿಗೆ ಹೊಸ ಬಣ್ಣ ಬಂದಿತ್ತು. ಬೆಲ್ ಒತ್ತಿದ ಮೇಲೆ, ವಾಪಸ್ ಹೋಗುವಷ್ಟು ಹೊತ್ತು ಇತ್ತು. ಅವಳು ನಿಂತೇ ಇದ್ದಳು.

ದಾಕ್ಷಾಯಣಮ್ಮ ಬಾಗಿಲು ತೆರೆದು ಅವಳನ್ನು ನೋಡಿದರು. "ಬಿಂದು. ಒಳಗೆ ಬಾ," ಎಂದರು. ಆಶ್ಚರ್ಯವೂ ತೋರಿಸಲಿಲ್ಲ, ನಗಲೂ ಇಲ್ಲ. ಒಳಗಿಂದ ನಿಂಬೆಹಣ್ಣಿನ ಪಾನಕ ತಂದುಕೊಟ್ಟು ಎದುರಿಗೆ ಕೂತರು.

"ಏನು ಬಂದಿದ್ದು?"

ಬಿಂದುಶ್ರೀ ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. ಬ್ಯಾಗಿನಿಂದ ರೆಸ್ಯೂಮ್ ತೆಗೆದು ಅವರ ಕೈಗೆ ಕೊಟ್ಟು, "ಕೆಲಸಕ್ಕೆ ಅರ್ಜಿ ಹಾಕ್ತಿದೀನಿ ಟೀಚರ್. ಗೊತ್ತಿರೋರು ಇಬ್ಬರ ಹೆಸರು ಕೊಡ್ಬೇಕಂತೆ," ಎಂದಳು.

ಟೀಚರ್ ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಓದಿದರು. ಓದುವಾಗ ಕೈ ತಾನಾಗಿಯೇ ಮೇಜಿನ ಮೇಲಿದ್ದ ಕೆಂಪು ಪೆನ್ನಿಗೆ ಹೋಯಿತು.

"ಕ್ರಿಕೆಟ್ ಆಡ್ತೀಯಾ?"

"ಇಲ್ಲ ಟೀಚರ್. ಅದು ಅಂಗಡೀಲಿದ್ದ ಫೈಲು."

ಅವರು ಅದನ್ನು ಹೊಡೆದುಹಾಕಿದರು. ಮೇಲಿನ ಸಾಲಿಗೆ ಹೋದರು. ಸವಾಲಿನ ಪರಿಸರದಲ್ಲಿ ತನ್ನ ಪ್ರತಿಭೆಯನ್ನು ಸಂಪೂರ್ಣವಾಗಿ ಬಳಸಿ ಸಂಸ್ಥೆಯ ಉನ್ನತಿಗೆ ಶ್ರಮಿಸುವುದೇ ಗುರಿ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

"ಇದನ್ನ ನೀನು ಬರೆದಿದ್ದಾ?"

"ಅದೂ ಫೈಲಲ್ಲೇ ಇತ್ತು."

"ನಿಂದು ಅಂತ ಇದರಲ್ಲಿ ಏನಿದೆ ಹಾಗಾದ್ರೆ?"

"ಹೆಸರು, ಮಾರ್ಕ್ಸು."

ದಾಕ್ಷಾಯಣಮ್ಮ ಆ ಸಾಲನ್ನೂ ಹೊಡೆದರು. ಪೆನ್ನು ಅನುಭವ ಎಂಬಲ್ಲಿಗೆ ಬಂದು ನಿಂತಿತು. "ಏನೂ ಇಲ್ಲ ಅಂತ ಹಾಕಿದೀಯ. ಒಂದೂವರೆ ವರ್ಷ ಈ ಹಾಲಿನಲ್ಲಿ ಏನ್ ಮಾಡ್ತಿದ್ದೆ ನೀನು?"

"ಬರೆದ್ರೆ ಯಾಕೆ ಬಿಟ್ರಿ ಅಂತ ಕೇಳ್ತಾರಲ್ಲ ಟೀಚರ್."

"ಕೇಳ್ತಾರೆ. ನಾನೂ ಅದನ್ನೇ ಕೇಳ್ತಾ ಇದೀನಿ. ಯಾಕೆ ಬಿಟ್ಟೆ?"

"ನೀವು ಮಕ್ಕಳ ಮುಂದೆ ಬೈದ್ರಿ," ಎಂದಳು ಬಿಂದುಶ್ರೀ. ಎರಡು ವರ್ಷ ಮನಸ್ಸಿನಲ್ಲಿ ದೊಡ್ಡದಾಗಿ ಕೂತಿದ್ದ ಮಾತು ಬಾಯಿಗೆ ಬಂದಾಗ ಇಷ್ಟೇ ಆಗಿತ್ತು.

ಟೀಚರ್ ಪೆನ್ನು ಕೆಳಗಿಟ್ಟರು. "ಆವತ್ತು ಸಾಯಂಕಾಲ ಫೋನ್ ಮಾಡಿದ್ದು ಯಾಕೆ ಅಂತ ಗೊತ್ತಾ?"

"ಇನ್ನೊಂದ್ಸಲ ಬೈಯೋಕೆ ಅಂದ್ಕೊಂಡೆ."

"ಮಕ್ಕಳ ಎದುರಿಗೆ ಹಾಗೆ ಅನ್ನಬಾರದಿತ್ತು ಅಂತ ಹೇಳೋಕೆ. ನಾಲ್ಕು ದಿನ ಮಾಡಿದೆ. ಆಮೇಲೆ ನನಗೂ ಸಿಟ್ಟು ಬಂತು, ಬಿಟ್ಟೆ."

ಬಿಂದುಶ್ರೀ ಲೋಟ ಮೇಜಿನ ಮೇಲಿಟ್ಟಳು.

"ಇನ್ನೊಂದಿತ್ತು," ಎಂದು ಟೀಚರ್ ಮುಂದುವರಿಸಿದರು. "ಮುಂದಿನ ವಾರ ನನ್ನ ಬಲಗಣ್ಣಿಗೆ ಪೊರೆ ಆಪರೇಷನ್ ನಿಗದಿಯಾಗಿತ್ತು. ಹತ್ತು ದಿನ ಎಲ್ಲ ಮಕ್ಕಳನ್ನೂ ನೀನೇ ನೋಡ್ಕೊ ಅಂತ ಹೇಳೋದಿತ್ತು. ನೀನು ಬರಲಿಲ್ಲ. ಪರೀಕ್ಷೆ ಹತ್ರ ಬಂದಿತ್ತು, ಮಕ್ಕಳನ್ನ ಯಾರ ಕೈಗೆ ಕೊಡ್ಲಿ? ಆಪರೇಷನ್ ಏಪ್ರಿಲ್‌ಗೆ ಹಾಕಿಸ್ಕೊಂಡೆ. ಎರಡು ತಿಂಗಳು ನೋಟ್‌ಬುಕ್ಕನ್ನ ಮೂಗಿನ ಹತ್ರ ಹಿಡ್ಕೊಂಡು ತಿದ್ದಿದೆ."

"ನನಗೆ ಗೊತ್ತಿರಲಿಲ್ಲ ಟೀಚರ್."

"ಗೊತ್ತಿರಲಿಲ್ಲ. ಫೋನ್ ಎತ್ತಿದ್ರೆ ಗೊತ್ತಾಗ್ತಿತ್ತು."

ಅದನ್ನು ಅವರು ಜೋರಾಗಿ ಹೇಳಲಿಲ್ಲ. ಬಿಂದುಶ್ರೀಗೆ ಕಣ್ಣು ತುಂಬಿ ಬಂತು. ಅಳುವುದು ಸರಿಯಲ್ಲ, ತೊಂದರೆಪಟ್ಟವರು ಎದುರಿಗೆ ಕೂತವರು ಅನ್ನಿಸಿ ತಡೆದುಕೊಂಡಳು. "ತಪ್ಪಾಯ್ತು ಟೀಚರ್," ಎಂದಳು. ಬ್ಯಾಗು ಎತ್ತಿಕೊಂಡು, "ಹೆಸರು ಬೇಡ. ನಾನು ಬೇರೆ ಯಾರನ್ನಾದ್ರೂ ಕೇಳ್ತೀನಿ," ಎಂದು ಏಳಲು ಹೋದಳು.

"ಕೂತ್ಕೊ. ನೋಡು, ಮತ್ತೆ ಏಳ್ತೀಯ," ಎಂದರು ದಾಕ್ಷಾಯಣಮ್ಮ. "ನನ್ನ ಹೆಸರು ಹಾಕ್ಕೊ. ಆದ್ರೆ ಅವರು ಫೋನ್ ಮಾಡಿ ಕೇಳಿದ್ರೆ ಇದ್ದದ್ದನ್ನೇ ಹೇಳ್ತೀನಿ. ಚೆನ್ನಾಗಿ ಪಾಠ ಮಾಡ್ತಿದ್ಲು ಅಂತಾನೂ ಹೇಳ್ತೀನಿ, ಹೇಳದೆ ಬಿಟ್ಟು ಹೋದ್ಲು ಅಂತಾನೂ ಹೇಳ್ತೀನಿ. ಒಂದು ಹೇಳಿ ಒಂದು ಬಿಡೋಕೆ ನನಗಾಗಲ್ಲ. ಅದಕ್ಕೆ ಒಪ್ಪೋದಾದ್ರೆ ಹಾಕ್ಕೊ."

ಬಿಂದುಶ್ರೀ ಮತ್ತೆ ಕೂತಳು. ಟೀಚರ್ ಬಿಳಿ ಹಾಳೆಯೊಂದನ್ನು ಅವಳ ಮುಂದಿಟ್ಟರು.

"ನಾಲ್ಕೂವರೆಯಿಂದ ಆರೂವರೆವರೆಗೆ ಇಲ್ಲಿ ಏನೇನು ಮಾಡ್ತಿದ್ದೆಯೋ ಅದನ್ನ ಬರಿ. ದೊಡ್ಡ ಪದ ಬೇಡ."

ಅವಳು ಬರೆಯಲು ಶುರು ಮಾಡಿದಳು. ಆರು, ಏಳು, ಎಂಟನೆಯ ತರಗತಿಯ ಹದಿನಾಲ್ಕು ಮಕ್ಕಳಿಗೆ ವಾರದಲ್ಲಿ ಐದು ದಿನ ಗಣಿತ. ಅಷ್ಟಕ್ಕೇ ನಿಲ್ಲಿಸಿದಳು.

"ಹಾಜರಿ ಯಾರು ಬರೀತಿದ್ರು?" ಎಂದರು ಟೀಚರ್.

ಅದನ್ನೂ ಬರೆದಳು. ಮೂರು ದಿನ ಬಾರದ ಮಕ್ಕಳ ಮನೆಗೆ ಫೋನ್ ಮಾಡುವುದು ಅವಳ ಕೆಲಸವೇ ಆಗಿತ್ತು. ಅದು ನೆನಪಾಗಿ ಬರೆದಳು. ತಿಂಗಳಿಗೊಮ್ಮೆ ಪ್ರಶ್ನೆಪತ್ರಿಕೆ ಮಾಡಿ ಟೈಪ್ ಮಾಡುತ್ತಿದ್ದಳು. ಮಗಳು ಯಾಕೆ ಹಿಂದೆ ಬಿದ್ದಿದ್ದಾಳೆಂದು ಜಗಳಕ್ಕೆ ಬರುತ್ತಿದ್ದ ತಾಯಂದಿರನ್ನು ಕೂರಿಸಿ ಮಾತಾಡುತ್ತಿದ್ದಳು. ಅದನ್ನು ಹೇಗೆ ಬರೆಯುವುದೆಂದು ಕೇಳಿದಾಗ, "ಪೋಷಕರ ದೂರು ಕೇಳಿ ಉತ್ತರ ಕೊಡುವುದು ಅಂತ ಬರಿ," ಎಂದರು. ಬರೆದು ಮುಗಿಸಿದಾಗ ಆರು ಸಾಲಾಗಿತ್ತು. ಟೀಚರ್ ಅದರಲ್ಲಿ ಎರಡು ಕಾಗುಣಿತ ತಪ್ಪು ತಿದ್ದಿದರು.

ಮನೆಗೆ ಬಂದು ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಟ್ಯೂಷನ್ ನಿಂತಿರಲಿಲ್ಲ, ತಾನೇ ಬಿಟ್ಟಿದ್ದು ಎಂಬುದನ್ನೂ.

ಸುಮಿತ್ರಮ್ಮನಿಗೆ ಹಳೆಯ ಸುಳ್ಳಿಗಿಂತ ಈಗಿನದೇ ಚಿಂತೆಯಾಯಿತು. "ಅವ್ರೆಸ್ರು ಹಾಕ್ಬ್ಯಾಡ ಕಣೆ. ಬಾಯ್ಬಿಟ್ಟು ಹೇಳ್ತೀನಿ ಅಂತ ಅವ್ರೇ ಅಂದವ್ರೆ. ಗೊತ್ತಿದ್ದೂ ಗೊತ್ತಿದ್ದೂ ಯಾಕೆ?"

"ನನ್ನ ಕೆಲಸ ನೋಡಿರೋರು ಅವ್ರೊಬ್ರೇ ಕಣಮ್ಮ."

"ಅದೇ ತಾನೆ ನಾನೂ ಹೇಳ್ತಿರದು," ಎಂದರು ಸುಮಿತ್ರಮ್ಮ.

ಮಂಗಳವಾರ ನಿಶಾಂತನ ಅಂಗಡಿಗೆ ಹೋಗಿ, ಹಳೆಯ ಫೈಲು ಬಿಟ್ಟು ಖಾಲಿ ಪುಟದಲ್ಲಿ ತಾನೇ ಟೈಪ್ ಮಾಡಿದಳು. ಹೆಸರುಗಳ ಜಾಗಕ್ಕೆ ಬಂದಾಗ ಪ್ರಸಾದ್ ಸರ್ ಹೆಸರು ಹಾಕಿದಳು. ಕೆಳಗೆ ದಾಕ್ಷಾಯಣಮ್ಮನವರ ಹೆಸರು ಹಾಕಿ ಅಳಿಸಿದಳು. ಜೆರಾಕ್ಸಿಗೆ ಬಂದವರು ಇಬ್ಬರು ಹೋಗುವ ತನಕ ಸುಮ್ಮನೆ ಕೂತು, ಮತ್ತೆ ಹಾಕಿ ಕಳಿಸಿಬಿಟ್ಟಳು.

"ಇಷ್ಟೇನಾ?" ಎಂದ ನಿಶಾಂತ ಇಣುಕಿ. "ಒಂದು ಪುಟಾನೂ ತುಂಬ್ಲಿಲ್ವಲ್ಲ."

ಒಂಬತ್ತು ದಿನದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಹೆಬ್ಬಾಳದ ಆ ಆಫೀಸಿನಲ್ಲಿ ಮೂರು ಮೇಜು, ಗೋಡೆಗೊರಗಿಸಿದ ಹಳೆಯ ವಾಷಿಂಗ್ ಮೆಷಿನ್ನುಗಳು, ಬಿಡುವಿಲ್ಲದೆ ಬಡಿದುಕೊಳ್ಳುವ ಫೋನು. ಮ್ಯಾನೇಜರ್ ಗುರುಕಿರಣ್ ಮೂವತ್ತೈದರ ಆಸುಪಾಸಿನವರು. ಅವಳ ರೆಸ್ಯೂಮ್ ಮುಂದಿಟ್ಟುಕೊಂಡು ಕೂತಿದ್ದರು.

"ಇಬ್ಬರಿಗೂ ಫೋನ್ ಮಾಡಿದ್ದೆ," ಎಂದರು. "ನಿಮ್ಮ ಲೆಕ್ಚರರ್ ವೆರಿ ಗುಡ್ ಗರ್ಲ್ ಅಂದ್ರು. ಹೋದ ವಾರ ಇನ್ನಿಬ್ಬರು ಹುಡುಗೀರ ಬಗ್ಗೆನೂ ಅವರು ಅದನ್ನೇ ಅಂದಿದ್ರು. ಟೀಚರ್ ಮಾತ್ರ ಕಾಲು ಗಂಟೆ ಮಾತಾಡಿದ್ರು."

ಗುರುಕಿರಣ್ ರೆಸ್ಯೂಮಿನಲ್ಲಿ ದಾಕ್ಷಾಯಣಮ್ಮನವರ ಹೆಸರಿನ ಮೇಲೆ ಬೆರಳಿಟ್ಟರು.

"ಕೆಲಸ ಚೆನ್ನಾಗಿ ಮಾಡ್ತಿದ್ರಿ, ಒಂದಿನ ಹೇಳದೆ ಕೇಳದೆ ಬಿಟ್ಟು ಹೋದ್ರಿ ಅಂತ ಹೇಳಿದ್ರು. ಹೌದಾ?"

"ಹೌದು ಸರ್. ಪಾಠದಲ್ಲಿ ತಪ್ಪು ಮಾಡಿದ್ದೆ. ಮಕ್ಕಳ ಮುಂದೆ ಬೈದ್ರು ಅಂತ ಬಿಟ್ಟೆ. ಆಮೇಲೆ ಫೋನ್ ಕೂಡ ಎತ್ತಲಿಲ್ಲ. ಅದು ಸರಿ ಇರ್ಲಿಲ್ಲ."

"ಇಲ್ಲಿ ದಿನಕ್ಕೆ ಹತ್ತು ಜನ ಬೈತಾರೆ ಕಣ್ರೀ. ನೀವು ಮಾಡಿರೋ ತಪ್ಪಿಗಲ್ಲ, ಟೆಕ್ನಿಷಿಯನ್ ಮಾಡಿರೋ ತಪ್ಪಿಗೆ. ಎಷ್ಟು ಸಲ ಎದ್ದು ಹೋಗ್ತೀರ?"

ಹೋಗುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಯಾರು ಬೇಕಾದರೂ ಹೇಳುವ ಮಾತದು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗುರುಕಿರಣ್ ನಂಬರ್ ನೋಡಿ, ರಿಸೀವರನ್ನು ಅವಳ ಕಡೆ ಚಾಚಿದರು. "ತಗೊಳಿ. ರಾಜೀವನಗರದೋರು. ಒಂಬತ್ತು ದಿನದಿಂದ ಫ್ರಿಜ್ ಕೆಟ್ಟಿದೆ."

ಆ ಕಡೆಯ ಹೆಂಗಸು ಬಿಂದುಶ್ರೀಗೆ ಮಾತಾಡಲು ಬಿಡಲಿಲ್ಲ. ಹಾಲು ಕೆಟ್ಟಿತು, ಮನೆಯಲ್ಲಿ ಅತ್ತೆಯ ಇನ್ಸುಲಿನ್ ಇಡಲು ಜಾಗವಿಲ್ಲದೆ ಪಕ್ಕದ ಮನೆಯಲ್ಲಿ ಇಟ್ಟಿದ್ದೇವೆ, ನಿಮ್ಮವರು ಬಂದೆವು ಬಾಗಿಲು ಹಾಕಿತ್ತು ಎಂದು ಸುಳ್ಳು ಹೇಳುತ್ತಾರೆ, ನಾನು ಮೂರು ದಿನ ಮನೆ ಬಿಟ್ಟು ಕದಲಿಲ್ಲ. ಬಿಂದುಶ್ರೀ ಪೂರ್ತಿ ಕೇಳಿದಳು. ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ, "ನಿಮ್ಮ ಮನೆ ಯಾವ ಕ್ರಾಸಿನಲ್ಲಿ ಬರುತ್ತೆ ಮೇಡಂ, ಒಂದ್ಸಲ ಹೇಳ್ತೀರಾ?" ಎಂದಳು. ಆಕೆ ಹೇಳಿದ ಕ್ರಾಸು ಒಂಬತ್ತು. ಗುರುಕಿರಣ್ ತಿರುಗಿಸಿ ತೋರಿಸಿದ ಪರದೆಯ ಮೇಲೆ ಆರು ಎಂದಿತ್ತು.

"ವಿಳಾಸ ನಮ್ಮಲ್ಲೇ ತಪ್ಪಾಗಿದೆ ಮೇಡಂ. ನಿಮ್ಮ ತಪ್ಪಲ್ಲ. ಇವತ್ತು ಯಾವಾಗ ಬರ್ತಾರೆ ಅಂತ ಕೇಳಿ, ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡ್ತೀನಿ," ಎಂದು ಇಟ್ಟಳು. ಗುರುಕಿರಣ್ ಟೆಕ್ನಿಷಿಯನ್ನಿಗೆ ಫೋನ್ ಮಾಡಿ ಸಮಯ ಕೇಳಿದರು. ಮೂರು ಗಂಟೆಗೆ ಹೋಗುತ್ತೇನೆಂದು ಅವನು ಹೇಳಿದ. ಅವಳು ವಾಪಸ್ ಫೋನ್ ಮಾಡಿ ಹೇಳಿದಳು. ಆ ಹೆಂಗಸು ಥ್ಯಾಂಕ್ಸ್ ಏನೂ ಹೇಳಲಿಲ್ಲ. ಬರದಿದ್ದರೆ ನೋಡಿಕೊಳ್ಳುತ್ತೇನೆ ಎಂದಳು.

"ಸರಿ, ತಿಳಿಸ್ತೀವಿ," ಎಂದರು ಗುರುಕಿರಣ್.

ಒಂದು ವಾರ ಕಳೆದರೂ ಯಾರೂ ತಿಳಿಸಲಿಲ್ಲ. ಮನೆಯಲ್ಲಿ ಸುಮಿತ್ರಮ್ಮ, "ನಾ ಆವತ್ತೇ ಅಂದಿದ್ದೆ," ಎಂದು ಒಂದು ಸಲ ಅಂದು, ಮಗಳ ಮುಖ ನೋಡಿ ಒಳಗೆ ಹೋದರು. ಅದೇ ರೆಸ್ಯೂಮನ್ನು ಬಿಂದುಶ್ರೀ ಇನ್ನೂ ನಾಲ್ಕು ಕಡೆ ಕಳಿಸಿದಳು. ಮೂರು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆ ದ್ವಿಚಕ್ರ ವಾಹನ ಓಡಿಸಲು ಬರುತ್ತದೆಯೇ ಎಂದು ಕೇಳಿ, ಬರುವುದಿಲ್ಲ ಎಂದ ಮೇಲೆ ಬೇಡವೆಂದರು.

ಹನ್ನೊಂದನೆಯ ದಿನ ಅವಳೇ ಹೆಬ್ಬಾಳಕ್ಕೆ ಫೋನ್ ಮಾಡಿದಳು. "ಆ ಪೋಸ್ಟಿಗೆ ಬೇರೆಯವರು ಬಂದ್ರು," ಎಂದರು ಗುರುಕಿರಣ್. "ಅವರಿಗೆ ನಮ್ಮ ಸಾಫ್ಟ್‌ವೇರ್ ಮೊದಲೇ ಗೊತ್ತಿತ್ತು. ನಿಮ್ಮ ಟೀಚರ್ ಹೇಳಿದ್ದಕ್ಕಲ್ಲ, ಹಾಗಂದ್ಕೋಬೇಡಿ." ಆಮೇಲೆ, "ರಾಜೀವನಗರದಲ್ಲಿ ನಮ್ಮ ಬಿಡಿಭಾಗದ ಕೌಂಟರ್ ಇದೆ. ಅಲ್ಲಿಯವರು ಹೆರಿಗೆ ರಜೆ ಮೇಲೆ ಹೋಗ್ತಿದಾರೆ. ಆರು ತಿಂಗಳು ಮಾತ್ರ. ನಿಮಗೆ ದೂರ ಆಗುತ್ತೆ. ಬರ್ತೀರಾ?" ಎಂದರು.

"ಮನೇಲಿ ಕೇಳಿ ಸಾಯಂಕಾಲ ಹೇಳ್ತೀನಿ ಸರ್," ಎಂದಳು. ಮಧ್ಯಾಹ್ನ ಊಟದ ಹೊತ್ತಿಗೇ ಫೋನ್ ಮಾಡಿ ಬರುತ್ತೇನೆಂದು ಹೇಳಿದಳು.

ಜೂನ್ ಎರಡನೆಯ ಸೋಮವಾರ ಕೆಲಸಕ್ಕೆ ಸೇರಿದಳು. ಹಿನಕಲ್ ನಗರದ ಒಂದು ತುದಿ, ರಾಜೀವನಗರ ಇನ್ನೊಂದು ತುದಿ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಒಂಬತ್ತೂ ಇಪ್ಪತ್ತಕ್ಕೆ ತಲುಪಿದಳು. ಹೆರಿಗೆ ರಜೆಗೆ ಹೊರಟಿದ್ದ ಅಕ್ಷತಾ ಗೋಡೆಯ ಗೂಡುಗಳನ್ನೆಲ್ಲ ತೋರಿಸಿದರು. ಪಂಪು, ಬೆಲ್ಟು, ಬಾಗಿಲ ರಬ್ಬರು, ಥರ್ಮೋಸ್ಟಾಟು. ಎಲ್ಲವೂ ಅವಳ ಕಣ್ಣಿಗೆ ಒಂದೇ ಥರ ಕಂಡವು.

ಹತ್ತು ಗಂಟೆಗೆ ಅಕ್ಷತಾ ಚಹಾ ಕುಡಿಯಲು ಒಳಗೆ ಹೋದಾಗ ಮೆಕ್ಯಾನಿಕ್ ಮಹದೇವಯ್ಯ ಬಂದು ಕೌಂಟರಿಗೆ ಕೈಯೂರಿ ಒಂದು ಹೆಸರು ಹೇಳಿದರು. ಬಿಂದುಶ್ರೀಗೆ ಅದು ಏನೆಂದೂ ತಿಳಿಯಲಿಲ್ಲ, ಯಾವ ಗೂಡಿನಲ್ಲಿದೆ ಎಂದೂ ತಿಳಿಯಲಿಲ್ಲ.

"ನಾನು ಇವತ್ತೇ ಬಂದಿದ್ದು. ಅದು ಮೆಷಿನ್ನಿನ ಯಾವ ಭಾಗದಲ್ಲಿರುತ್ತೆ ಹೇಳ್ತೀರಾ?" ಎಂದು ಕೇಳಿದಳು.

ಮಹದೇವಯ್ಯ ಅವಳನ್ನೊಮ್ಮೆ ನೋಡಿ, ಜೇಬಿನಿಂದ ಕೊಳೆ ಹಿಡಿದು ಕಪ್ಪಾದ ಹಳೆಯ ಬಿಡಿಭಾಗವನ್ನು ತೆಗೆದು ಕೌಂಟರಿನ ಮೇಲಿಟ್ಟರು. "ಇದೇ ಕಣಮ್ಮ. ನೀರು ಒಳಕ್ಕೆ ಬುಡದು ಇದು. ಬಾ, ಮೂರನೇ ಸಾಲಲ್ಲಿರ್ತದೆ, ತೋರುಸ್ತೀನಿ," ಎಂದರು.